‘ತಿಂಡಿ ಆತಾ’ ಎಂದು ಕೇಳಿದ ಬೆಳಿಗ್ಗೆ

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಅದು ಶುರುವಾಯಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣ, ಅತ್ತೆಯ ವಾರ್ಡಿನ ಬಾಗಿಲು ದಾಟುವಾಗ ಗೋಡೆಯ ಗಡಿಯಾರ ನೋಡಿ, ಹೊಸನಗರದ ಬಸ್ಸು ಇವತ್ತೂ ತಡವಾಯಿತಲ್ಲ ಎಂದು ಗೊಣಗಿಕೊಂಡಿದ್ದೆ. ಶುಕ್ರವಾರವಾದ್ದರಿಂದ ಬಸ್ಸಿನ ತುಂಬ ಸಿಗಂದೂರು ದೇವಿಯ ದರ್ಶನಕ್ಕೆ ಹೋಗುವವರು. ಹೊಸನಗರದಿಂದ ಸಾಗರದವರೆಗೂ ನಿಂತೇ ಬಂದಿದ್ದೆ.

ಆ ಹೊತ್ತಿನಲ್ಲಿ ಯಾರೂ ಕೂಗಲಿಲ್ಲ, ಏನೂ ಬೀಳಲಿಲ್ಲ. ಒಬ್ಬರು ಇನ್ನೊಬ್ಬರನ್ನು ತಿಂಡಿ ಆಯ್ತಾ ಎಂದು ಕೇಳಿದರು, ಅಷ್ಟೆ. ಆದರೆ ಎಷ್ಟೋ ತಿಂಗಳು ನಾನು ಕಣ್ಣು ಮುಚ್ಚಿದ ಕೂಡಲೇ ಆ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದೆ. ಅಲ್ಲಿಂದ ಎಲ್ಲವೂ ಮತ್ತೆ ಮೊದಲಿನಿಂದ ನಡೆಯುತ್ತಿತ್ತು.

ಅತ್ತೆ ಎಂದರೆ ನನ್ನ ಗಂಡನ ತಾಯಿ. ಎಪ್ಪತ್ತು ದಾಟಿದವರು, ತೀರ್ಥಹಳ್ಳಿ ಕಡೆಯ ರೈತರ ಮನೆಯಲ್ಲಿ ಹುಟ್ಟಿ ಹೊಸನಗರಕ್ಕೆ ಸೊಸೆಯಾಗಿ ಬಂದವರು. ಸಕ್ಕರೆ ಕಾಯಿಲೆ ಹಳೆಯದು, ಪಾದದ ಸ್ಪರ್ಶವೂ ಮಂಕಾಗಿತ್ತು. ಬಚ್ಚಲೊಲೆಯಿಂದ ಸಿಡಿದ ಕೆಂಡವೊಂದು ಪಾದದ ಮೇಲೆ ಬಿದ್ದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಗಾಯ ಕೆಟ್ಟಿತ್ತು. ಸಾಗರದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಸೇರಿಸಿದೆವು. ಸಕ್ಕರೆ ಹತೋಟಿಗೆ ಬರದಿದ್ದರೆ ಕಾಲ್ಬೆರಳು ತೆಗೆಯಬೇಕಾಗಬಹುದು ಎಂದು ಡಾಕ್ಟರು ಮೊದಲ ದಿನವೇ ಹೇಳಿಬಿಟ್ಟಿದ್ದರು. ಹಾಗಾಗಿ ಇನ್ಸುಲಿನ್ ಶುರುವಾಗಿತ್ತು. ಅತ್ತೆಗೆ ಊಟ ಸರಿಯಾಗಿ ಸೇರುತ್ತಿರಲಿಲ್ಲ. ಒಂದು ಹೊತ್ತು ತಿಂದರೆ ಇನ್ನೊಂದು ಹೊತ್ತು ತಟ್ಟೆ ಹಾಗೇ ಸರಿಸಿಬಿಡುವರು. ಅದಕ್ಕೆಂದೇ ಡಾಕ್ಟರು, ಅವರು ತಿಂದದ್ದು ಖಾತ್ರಿಯಾದ ಮೇಲೆಯೇ ಸೂಜಿ ಚುಚ್ಚಬೇಕು ಎಂದು ಕಟ್ಟಪ್ಪಣೆ ಮಾಡಿದ್ದರು. ತಿನ್ನದೆ ಆ ಔಷಧಿ ಒಳಗೆ ಹೋದರೆ ಸಕ್ಕರೆ ಪಾತಾಳಕ್ಕೆ ಇಳಿದು ಜೀವಕ್ಕೇ ಅಪಾಯ. ಇದು ನಮಗೆಲ್ಲ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು.

ನಾನು ಪಿಯು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಗಂಡನದು ಹೊಸನಗರದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ರಾತ್ರಿ ಅವರು ಆಸ್ಪತ್ರೆಯಲ್ಲಿ, ಹಗಲು ನಾನು. ಅವರು ಅಂಗಡಿ ತೆರೆಯಲು ಬೆಳಗಿನ ಬಸ್ಸು ಹಿಡಿದರೆ ನಾನು ಎದುರಿನ ಬಸ್ಸಿನಲ್ಲಿ ಬರುವುದು. ದಾರಿಯಲ್ಲೆಲ್ಲೋ ನಮ್ಮಿಬ್ಬರ ಬಸ್ಸುಗಳು ಒಂದನ್ನೊಂದು ದಾಟಿ ಹೋಗುತ್ತಿದ್ದವು. ಹೇಳುವುದೆಲ್ಲ ಫೋನಿನ ಸಂದೇಶದಲ್ಲೇ. ಆ ದಿನ ಬಸ್ಸಿನಲ್ಲಿ ನಿಂತಿದ್ದಾಗ ಅವರದು ಬಂದಿತ್ತು: ‘ಅವ್ವಂದು ತಿಂಡಿ ಆಯ್ತು.’

ನಾನು ಒಳಗೆ ಹೋಗುವುದಕ್ಕೂ ಸಿಸ್ಟರ್ ಟ್ರೇ ಹಿಡಿದು ಬರುವುದಕ್ಕೂ ಸರಿಹೋಯಿತು. ಕೇರಳದ ಹುಡುಗಿ. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ, ಕನ್ನಡವನ್ನು ಆಗಲೇ ಚೆನ್ನಾಗಿ ಕಲಿತಿದ್ದಳು. ನನ್ನನ್ನು ಚೇಚಿ ಎನ್ನುವಳು. ಅಕ್ಕ ಎಂದಂತೆ. ಅವಳು ಅತ್ತೆಯ ಕೈ ಹಿಡಿದು ಕೇಳಿದಳು.

“ತಿಂಡಿ ಆಯ್ತಾ ಅಮ್ಮ?”

“ಆತು ಮಗಾ. ನಿಂದು?”

“ಆಯ್ತು ಅಮ್ಮ.”

ನಾನು ಬಾಟಲಿಯಿಂದ ನೀರು ಕುಡಿಯುತ್ತ ನಿಂತು ಇದನ್ನು ಕೇಳಿದೆ. ಕೇಳಿದೆ ಎನ್ನುವುದೂ ಹೆಚ್ಚೇ. ನಮ್ಮ ಕಡೆ ಎದುರಿಗೆ ಸಿಕ್ಕವರು ಆಡುವ ಮೊದಲ ಮಾತು ಅದು. ಬೆಳಿಗ್ಗೆಯಾದರೆ ತಿಂಡಿ ಆತಾ, ಮಧ್ಯಾಹ್ನವಾದರೆ ಊಟ ಆತಾ, ಸಂಜೆಗೆ ಕಾಫಿ ಆತಾ. ಅದಕ್ಕೆ ಇರುವುದು ಒಂದೇ ಉತ್ತರ. ಫ್ಯಾನಿನ ಸದ್ದು ಹೇಗೆ ಕಿವಿಗೆ ಬಿದ್ದೂ ಬೀಳುವುದಿಲ್ಲವೋ ಅದೂ ಹಾಗೆಯೇ.

ಸಿಸ್ಟರ್ ಸೂಜಿ ಚುಚ್ಚಿದಳು. ಹೊರಗಿನ ಟೇಬಲ್ಲಿನಿಂದ ಡಾಕ್ಟರಿಗೆ ಫೋನ್ ಮಾಡಿ, ತಿಂಡಿ ಆಯ್ತು ಸರ್, ಇನ್ಸುಲಿನ್ ಆಯ್ತು ಎಂದದ್ದೂ ನನಗೆ ಕೇಳಿಸಿತು.

ಒಂದು ಗಂಟೆಯ ತನಕ ಎಲ್ಲ ಸರಿಯಾಗಿಯೇ ಇತ್ತು. ಅತ್ತೆ ಪಕ್ಕದ ಹಾಸಿಗೆಯವರ ಮಗಳ ಮದುವೆ ಎಲ್ಲಿಯವರೆಗೆ ಬಂದಿದೆ ಎಂದು ವರದಿ ಕೊಟ್ಟರು. ಡಾಕ್ಟರನ್ನು ಆಡಿಕೊಂಡರು. ಡಾಕ್ಟರು ವಿಜಯಪುರದ ಕಡೆಯವರು, ದನಿ ದೊಡ್ಡದು, ಪ್ರತಿ ಮಾತಿಗೂ ರೀ ಹಚ್ಚುವವರು. “ಹ್ಯಾಂಗಿದೀರಿ ಅಂತ ಕೇಳಿದ್ರೂ ಗದ್ದೆ ಗಡಿ ಜಗಳಕ್ಕೆ ಬಂದ ಹಂಗೆ ಕೇಳ್ತಾರೆ ಮಾರಾಯ್ತಿ,” ಎಂದು ನಕ್ಕರು. ಆಮೇಲೆ ಮಾತು ನಿಂತಿತು. ನಿದ್ದೆ ಬಂತೇನೋ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತ, ದನ ಕಟ್ಟಿದ್ರಾ ಅವ್ವಾ ಎಂದರು.

ಅತ್ತೆ ನನ್ನನ್ನು ಅವ್ವ ಎನ್ನುವವರಲ್ಲ. ಮನೆಯಲ್ಲಿ ದನ ಇಲ್ಲದೆ ಎಷ್ಟೋ ವರ್ಷವಾಗಿದೆ. ಹತ್ತಿರ ಹೋಗಿ ಕೈ ಮುಟ್ಟಿದರೆ ಬಾವಿಯಿಂದ ಆಗ ತಾನೇ ಎತ್ತಿದ ಕೊಡದಷ್ಟು ತಣ್ಣಗೆ, ಒದ್ದೆ. ರವಿಕೆ, ತಲೆದಿಂಬು ಎಲ್ಲ ಬೆವರಿನಲ್ಲಿ ನೆನೆದಿದ್ದವು. ನಾಲಿಗೆ ತೊದಲುತ್ತಿತ್ತು. ನಾನು ಕೂಗಿದೆ. ಏನೆಂದು ಕೂಗಿದೆನೋ ಈಗಲೂ ಗೊತ್ತಿಲ್ಲ.

ಸಿಸ್ಟರ್ ಓಡಿ ಬಂದಳು. ಡಾಕ್ಟರು ಇನ್ನೂ ಮನೆಯಲ್ಲೇ ಇದ್ದರು. ಅವಳು ಸ್ಪೀಕರಿಗೆ ಹಾಕಿ ಫೋನ್ ಹಚ್ಚಿದಳು. ಮಾತು ತೊದಲುತ್ತಿದೆ, ಗುರುತು ಸಿಗುತ್ತಿಲ್ಲ ಎಂದಳು. ಆ ಕಡೆಯಿಂದ ಡಾಕ್ಟರು ಕೇಳಿದರು.

“ನಾಷ್ಟಾ ಮಾಡ್ಯಾರಲ್ರೀ?”

“ಆಯ್ತು ಸರ್.”

ನಾನೂ ಪಕ್ಕದಿಂದ ಹೌದು ಹೌದು, ತಿಂಡಿ ಆಗಿದೆ ಎಂದೆ. ನನ್ನ ಬಳಿ ಗಂಡನ ಸಂದೇಶವಿತ್ತಲ್ಲ.

ತಿಂದಿದ್ದಾರೆ ಎಂದ ಮೇಲೆ ಸಕ್ಕರೆ ಇಳಿಯುವ ಮಾತೇ ಇಲ್ಲ. ಹಾಗಾದರೆ ಮೆದುಳಿಗೆ ರಕ್ತ ಹೋಗುವುದರಲ್ಲಿ ಏನೋ ಆಗಿದೆ, ತಡಮಾಡದೆ ಶಿವಮೊಗ್ಗಕ್ಕೆ ಸಾಗಿಸಿ, ಆಂಬುಲೆನ್ಸ್ ಕರೆಸಿ, ನಾ ಹೊರಟೆ ಎಂದರು ಡಾಕ್ಟರು. ಅವರ ಲೆಕ್ಕ ತಪ್ಪಲ್ಲ. ನಾವು ಕೊಟ್ಟ ಮಾತನ್ನು ನಂಬಿದರೆ ಹಾಗೆಯೇ ಯೋಚಿಸಬೇಕು. ಆಯಾ ಸ್ಟ್ರೆಚರ್ ತರಲು ಹೋದಳು. ನಾನು ಅತ್ತೆಯ ಸೀರೆ, ಚಪ್ಪಲಿ, ಸ್ಕ್ಯಾನಿನ ಕವರು ಎಲ್ಲವನ್ನೂ ಚೀಲಕ್ಕೆ ತುರುಕತೊಡಗಿದೆ. ಹಾಗೆ ಹೊರಟಿದ್ದರೆ ದಾರಿಯಲ್ಲಿ ಆನಂದಪುರ ದಾಟುವುದರೊಳಗೆ ಜೀವ ಹೋಗುತ್ತಿತ್ತು ಎಂದು ಆಮೇಲೆ ಡಾಕ್ಟರೇ ನನಗೆ ಹೇಳಿದರು.

ಸಿಸ್ಟರ್ ಮಾತ್ರ ಕದಲದೆ ನಿಂತಿದ್ದಳು. ದೊಡ್ಡ ದನಿಯ ಡಾಕ್ಟರು ಒಂದು ಮಾತು ಹೇಳಿದ ಮೇಲೆ ಅಲ್ಲಿ ಯಾರೂ ಎದುರು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಅವಳು ಫೋನಿನ ಕಡೆಗೆ ಬಗ್ಗಿ, ಸರ್, ಕಳಿಸುವ ಮೊದಲು ನಾನು ಒಂದು ಸಲ ಶುಗರ್ ನೋಡುತ್ತೇನೆ ಎಂದಳು. ನೋಡ್ರಿ, ಲಗೂನ ನೋಡ್ರಿ ಎಂದರು ಡಾಕ್ಟರು.

ಬೆರಳಿಗೆ ಚುಚ್ಚಲು ಅತ್ತೆಯನ್ನು ಸ್ವಲ್ಪ ಹೊರಳಿಸಿದಾಗ ತಲೆದಿಂಬಿನ ಕೆಳಗಿಂದ ಕಾಗದದ ಪೊಟ್ಟಣವೊಂದು ಜಾರಿ ನೆಲಕ್ಕೆ ಬಿತ್ತು. ಎದುರಿನ ಹೋಟೆಲಿನದು. ಬಾಳೆಲೆಯೊಳಗೆ ಇಡ್ಲಿ, ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಚಟ್ನಿ. ಕಟ್ಟಿದ ದಾರವನ್ನೂ ಬಿಚ್ಚಿರಲಿಲ್ಲ.

ಸಿಸ್ಟರ್ ಪೊಟ್ಟಣ ನೋಡಿದಳು, ಬೆರಳಿನ ರಕ್ತದ ಹನಿ ತಾಗಿಸಿದ್ದ ಯಂತ್ರ ನೋಡಿದಳು. ಅದರಲ್ಲಿ ನಲವತ್ತಕ್ಕೂ ಕೆಳಗಿನ ಸಂಖ್ಯೆ. ಅವಳು ಮಲಯಾಳಂನಲ್ಲಿ ಏನೋ ಅಂದುಕೊಂಡಳು, ದೇವರನ್ನೇ ಕರೆದಿರಬೇಕು. ಅತ್ತೆಯ ಕೈಯಲ್ಲಿ ಗಾಯದ ಔಷಧಿಗೆಂದು ಹಾಕಿದ್ದ ಸೂಜಿ ಇನ್ನೂ ಇತ್ತು. ಅದರ ಮೂಲಕವೇ ಗ್ಲೂಕೋಸ್ ಹೋಯಿತು. ನಾನು ಅತ್ತೆಯ ಪಾದ ಹಿಡಿದು ಕುಳಿತಿದ್ದೆ, ಗಾಯವಿಲ್ಲದ ಪಾದ. ಎಷ್ಟು ಹೊತ್ತು ಎಂದು ಹೇಳಲಾರೆ. ಕೊನೆಗೆ ಅತ್ತೆಯ ಕಣ್ಣು ತಿಳಿಯಾಯಿತು. ನನ್ನನ್ನು ನೋಡಿ, “ಯಾಕೆ ಅಳ್ತಿದೀಯೇ? ಬಸ್ಸು ಸಿಗಲಿಲ್ವಾ?” ಎಂದರು.

ಆ ಇಡ್ಲಿ ನನಗೆಂದು ಇಟ್ಟದ್ದು. ಸೊಸೆ ಕತ್ತಲಿಗೇ ಎದ್ದು ಖಾಲಿ ಹೊಟ್ಟೆಯಲ್ಲಿ ಬರುತ್ತಾಳೆ, ಬಂದ ಮೇಲೆ ಇಬ್ಬರೂ ಹಂಚಿಕೊಂಡು ತಿನ್ನೋಣ ಎಂದು ಅವರು ಅದನ್ನು ತಲೆದಿಂಬಿನಡಿ ಬೆಚ್ಚಗೆ ಇಟ್ಟಿದ್ದರು. ನನ್ನ ಗಂಡ ಪೊಟ್ಟಣ ಕೈಗೆ ಕೊಟ್ಟು ಬಸ್ಸಿಗೆ ಓಡಿದ್ದರು. ಕೊಡಿಸಿದ್ದನ್ನೇ ಅವರು ‘ಆಯ್ತು’ ಎಂದು ಬರೆದಿದ್ದರು. ಅವರ ಪ್ರಕಾರ ಅದು ಸುಳ್ಳಲ್ಲ. ಆಮೇಲೆ ನಾನು ಬಂದೆ, ಸಿಸ್ಟರ್ ಬಂದಳು, ಸೂಜಿ ಬಂತು. ಅಷ್ಟರಲ್ಲಿ ಅತ್ತೆಗೆ ಹಸಿವೇ ಸತ್ತುಹೋಗಿತ್ತಂತೆ. ಪೊಟ್ಟಣದ ನೆನಪೂ ಹೋಗಿತ್ತು.

ಸುದ್ದಿ ಕೇಳಿ ಗಂಡ ಅಂಗಡಿ ಮುಚ್ಚಿ ಬಂದರು. ಕೋಪದಿಂದ ಕುದಿಯುತ್ತಿದ್ದರು. ನೋಡಲು ಬಂದ ನೆಂಟರೊಬ್ಬರು ಆ ಕೋಪಕ್ಕೆ ಇನ್ನಷ್ಟು ಸೌದೆ ಹಾಕಿದರು. ಭಾಷೆ ಬರದವರನ್ನೆಲ್ಲ ಕೆಲಸಕ್ಕೆ ಇಟ್ಟುಕೊಂಡರೆ ಇನ್ನೇನಾಗುತ್ತದೆ, ಆ ಹುಡುಗಿಯನ್ನು ಮೊದಲು ತೆಗೆಸಿ ಎಂದರು. ಕಾರಿಡಾರಿನಲ್ಲಿ ಅವಳಿಗೆ ಕೇಳುವಂತೆಯೇ ಹೇಳಿದರು. ಅವಳು ತಲೆ ಎತ್ತದೆ ಬಾಟಲಿಗಳನ್ನು ಜೋಡಿಸುತ್ತಿದ್ದಳು.

ಅವಳಿಗೆ ಭಾಷೆ ಬರುತ್ತಿತ್ತಲ್ಲ ಎಂದು ನಾನು ಹೇಳಿದೆ. ಯಾರಿಗೂ ಅರ್ಥವಾಗಲಿಲ್ಲ. ನನಗೇ ಆಗ ಪೂರ್ತಿ ಅರ್ಥವಾಗಿರಲಿಲ್ಲ. ಅವಳ ವಾಕ್ಯದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅವಳ ಕನ್ನಡ ಇನ್ನೂ ಸ್ವಲ್ಪ ಮುರುಕಾಗಿದ್ದರೆ, ಅತ್ತೆ ‘ಎಂತ ಕೇಳ್ತಿದೀಯೇ’ ಎಂದು ತಿರುಗಿ ಕೇಳುತ್ತಿದ್ದರೋ ಏನೋ.

ಮರುದಿನ ಬೆಳಿಗ್ಗೆ ಅತ್ತೆ ಸೂಜಿ ಬೇಡ ಎಂದರು. ಕೈ ಸೀರೆಯೊಳಗೆ ಬಚ್ಚಿಟ್ಟುಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. ಬೆರಳು ಹೋದರೆ ಹೋಗಲಿ, ನಿನ್ನೆಯ ಹಾಗೆ ಬುದ್ಧಿ ಹೋಗುವುದು ಬೇಡ ಎಂದರು. ಗಂಡ ಗದರಿದರು, ನಾನು ಬೇಡಿಕೊಂಡೆ, ಆಗಲಿಲ್ಲ. ಡಾಕ್ಟರಿಗೆ ಹೇಳಿಕಳಿಸಿದೆವು.

ಅವರು ಬಂದವರು ನಿಂತು ಮಾತಾಡಲಿಲ್ಲ. ಸ್ಟೂಲ್ ಎಳೆದುಕೊಂಡು ಅತ್ತೆಯ ಮಂಚದ ಪಕ್ಕ ಕುಳಿತರು. ಸಿಸ್ಟರನ್ನೂ ಕರೆದು ಇನ್ನೊಂದು ಸ್ಟೂಲಿನಲ್ಲಿ ಕೂರಿಸಿದರು. ಅವಳು ಮುಳ್ಳಿನ ಮೇಲೆ ಕೂತಂತೆ ಕೂತಳು. ಗಂಡ ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದರು. ಡಾಕ್ಟರು ಯಾರ ತಪ್ಪು ಎಂದು ಕೇಳಲಿಲ್ಲ. ಅತ್ತೆಯನ್ನು ಕೇಳಿದ್ದು ಇಷ್ಟು: ಅಕಿ ನಿಮ್ಮನ್ನ ತಿಂಡಿ ಆಯ್ತಾ ಅಂದಾಗ, ಅಕಿ ಏನು ಕೇಳಾಕತ್ತಾಳ ಅಂತ ನೀವು ತಿಳಕೊಂಡ್ರಿ?

ಅತ್ತೆ ಗೋಡೆಯ ಕಡೆಯಿಂದಲೇ ಉತ್ತರ ಕೊಟ್ಟರು.

“ಎಂತ ತಿಳ್ಕೊಳ್ಳದು? ಪಾಪ, ಚೆನ್ನಾಗಿದೀರಾ ಅಂತ ಕೇಳ್ತು.”

“ಮತ್ತ ಇಲ್ಲ ಅನ್ನಬಹುದಿತ್ತಲ್ರೀ ಅವ್ವಾರ?”

ಅತ್ತೆ ಈಗ ಈ ಕಡೆ ತಿರುಗಿದರು. ಓದಿದವರಿಗೆ ಇಷ್ಟೂ ಗೊತ್ತಿಲ್ಲವೇ ಎನ್ನುವ ಮುಖ.

“ತಿಂಡಿ ಆತಾ ಅಂತ ಕೇಳಿದವರಿಗೆ ಇಲ್ಲ ಅಂತ ಹ್ಯಾಂಗೆ ಹೇಳದು ಡಾಕ್ಟ್ರೇ? ಕೊಡು ಅಂತ ಕೈ ಒಡ್ಡಿದ ಹಂಗೆ ಆಗ್ತದೆ. ಹಸಿದಿದ್ರೂ ಆತು ಅನ್ನದು. ನಮ್ಮಪ್ಪನ ಮನೇಲಿ ಕಲಿಸಿದ್ದು ಹಂಗೆ.”

ಅತ್ತೆಯ ಅಪ್ಪ ಇನ್ನೊಬ್ಬರ ಗದ್ದೆ ಗೇಣಿಗೆ ಮಾಡಿಕೊಂಡಿದ್ದವರು. ಗದ್ದೆ ಸ್ವಂತದ್ದಾದದ್ದು ಅತ್ತೆ ದೊಡ್ಡವರಾದ ಮೇಲೆ. ಒಡೆಯರ ಅಂಗಳಕ್ಕೆ ಹೋಗುವ ಮಕ್ಕಳಿಗೆ ಮನೆಯಲ್ಲಿ ಮೊದಲು ಹೇಳಿಕೊಡುತ್ತಿದ್ದ ಮಾತು ಅದಂತೆ: ಊಟ ಆತಾ ಅಂದ್ರೆ ಆತು ಅನ್ನಿ. ಇಷ್ಟು ವರ್ಷ ಜೊತೆಗಿದ್ದೂ ನಾನು ಇದನ್ನು ಕೇಳಿದ್ದು ಆ ದಿನವೇ.

ಡಾಕ್ಟರು ತಲೆದೂಗಿದರು. ಆಗ ಸಿಸ್ಟರ್ ಅಳತೊಡಗಿದಳು. ಅಳುತ್ತಲೇ ನನ್ನ ಕಡೆ ನೋಡಿ ಹೇಳಿದಳು: “ನಮ್ಮ ಊರಲ್ಲೂ ಹೀಗೇ ಚೇಚಿ. ಊಣು ಕಳಿಚ್ಚೋ, ಊಟ ಆಯ್ತಾ ಅಂತ ದಾರಿಯಲ್ಲಿ ಹೋಗೋರೂ ಕೇಳ್ತಾರೆ. ಎಲ್ಲರೂ ಕಳಿಚ್ಚು ಅಂತಾರೆ. ಯೂನಿಫಾರ್ಮ್ ಹಾಕಿದ ಮೇಲೆ ನನಗೆ ಅದು ನೆನಪೇ ಬರಲಿಲ್ಲ.” ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದಳು. ನಿನ್ನೆ ಅಮ್ಮ ನಿಂದು ಆತಾ ಎಂದು ಕೇಳಿದಾಗ ಅವಳೂ ಏನೂ ತಿಂದಿರಲಿಲ್ಲ. ಡ್ಯೂಟಿಗೆ ತಡವಾಗಿತ್ತು. ಆದರೂ ಆಯ್ತು ಎಂದಿದ್ದಳು.

ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ಕಟ್ಟಿದ ಕೈ ಬಿಚ್ಚಿದ್ದನ್ನು ನಾನು ನೋಡಿದೆ. ಕೆಲಸದಿಂದ ತೆಗೆಸುವ ಮಾತು ಆಮೇಲೆ ಅವರ ಬಾಯಿಂದ ಬರಲಿಲ್ಲ. ಅತ್ತೆ ಮಾತ್ರ ಎದ್ದು ಕೂತು, “ಉಪಾಸ ಇದ್ಕೊಂಡು ಊರಿಗೆಲ್ಲ ಸೂಜಿ ಚುಚ್ಚಕ್ಕೆ ಬಂದ್ಯಾ? ಮೊದ್ಲು ನೀ ತಿನ್ನು,” ಎಂದು ಅವಳನ್ನು ಗದರಿದರು.

ಅಲ್ಲಿಯೇ ಒಂದು ಕ್ರಮ ಮಾಡಿಕೊಂಡರು. ಇನ್ನು ಮೇಲೆ ಆ ವಾರ್ಡಿನಲ್ಲಿ ಸೂಜಿಗೆ ಮುಂಚೆ ‘ತಿಂಡಿ ಆಯ್ತಾ’ ಎಂದು ಕೇಳುವಂತಿಲ್ಲ. ಏನು ತಿಂದ್ರಿ, ಎಷ್ಟು ತಿಂದ್ರಿ ಎಂದೇ ಕೇಳಬೇಕು, ತಟ್ಟೆಯನ್ನು ಕಣ್ಣಾರೆ ನೋಡಬೇಕು. ತಮಗೆ ಹೇಳುವಾಗಲೂ ‘ಆಯ್ತು’ ಬೇಡ ಎಂದರು ಡಾಕ್ಟರು. ನಾನು ಏನಾರೆ ಹೇಳಿದಾಗ ಆಯ್ತು ಅಂದ್ರ, ಮಾಡ್ತೀನಿ ಅಂತಲೋ ಮಾಡಿ ಮುಗಿಸೀನಿ ಅಂತಲೋ ನನಗ ಹ್ಯಾಂಗ ತಿಳೀಬೇಕ್ರಿ, ಕೊಟ್ಟೀನಿ ಅನ್ರಿ, ಇಲ್ಲಾ ಕೊಡ್ತೀನಿ ಅನ್ರಿ ಎಂದರು. ಏಳುವಾಗ ಸಿಸ್ಟರಿಗೆ ಇನ್ನೊಂದು ಮಾತು ಹೇಳಿದರು. ನಿನ್ನೆ ನನ್ನ ಮಾತಿಗೆ ತಡೆ ಹಾಕಿ ಶುಗರ್ ನೋಡ್ತೀನಿ ಅಂದ್ರಲ್ಲ, ಹಂಗ ಅನ್ನೂದನ್ನ ಬಿಡಬ್ಯಾಡ್ರಿ. ಆ ದೊಡ್ಡ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸಿಸ್ಟರ್ ತಕ್ಷಣವೇ ಹೊಸ ಪ್ರಶ್ನೆಯನ್ನು ಪ್ರಯೋಗಿಸಿದಳು. ಏನು ತಿಂದ್ರಿ ಅಮ್ಮ ಎಂದು ಕೇಳಿದಳು.

“ಎಂತಕ್ಕೆ? ನಿಂಗೂ ಬೇಕಿತ್ತಾ?” ಎಂದರು ಅತ್ತೆ. ಆಮೇಲೆ ಹೋಟೆಲಿನ ದೋಸೆ ತರಿಸಿ, ಅವಳ ಎದುರೇ ಒಂದು ಚೂರೂ ಬಿಡದೆ ತಿಂದು, ತಟ್ಟೆ ಎತ್ತಿ ತೋರಿಸಿ, ಕೈ ಚಾಚಿದರು.

ಗಾಯ ನಿಧಾನವಾಗಿ ಒಣಗಲು ಶುರುವಾಯಿತು. ಮನೆಗೆ ಕಳಿಸಿದರು. ಇನ್ಸುಲಿನ್ ಮನೆಯಲ್ಲೂ ಮುಂದುವರಿಯಬೇಕಿತ್ತು, ಚುಚ್ಚುವವಳು ನಾನು. ಆ ಪುಟ್ಟ ಪೆನ್ನು ಹಿಡಿದಾಗೆಲ್ಲ ನನ್ನ ಕೈ ತಣ್ಣಗಾಗುತ್ತಿತ್ತು. ಅತ್ತೆ ತಿನ್ನುವುದನ್ನು ಪರೀಕ್ಷೆಯ ಕೊಠಡಿಯಲ್ಲಿ ಕಾಯುವ ಹಾಗೆ ಕಾಯುತ್ತಿದ್ದೆ. ಹಾಸಿಗೆಗೆ ಹೋದರೆ ನಿದ್ದೆಯಿಲ್ಲ. ಎದ್ದು ಹೋಗಿ ಅವರ ಹಣೆ ಮುಟ್ಟಿ ಬೆವರಿದೆಯೇ ನೋಡುವುದು, ತಲೆದಿಂಬಿನ ಕೆಳಗೆ ಕೈ ಹಾಕಿ ತಡಕುವುದು. ಅಲ್ಲಿ ಏನೂ ಇರುತ್ತಿರಲಿಲ್ಲ. “ನಿನ್ನ ಕಾಟದಲ್ಲಿ ನಂಗೂ ನಿದ್ದೆ ಇಲ್ಲ,” ಎನ್ನುವರು. ನನಗೆ ಹೆದರಿಕೆ ಇದ್ದದ್ದು ಸೂಜಿಯದ್ದಲ್ಲ. ಅತ್ತೆಯ ಬಾಯಿಂದ ತಾನಾಗಿ ಬಂದುಬಿಡುವ ಆ ಒಂದು ಮಾತಿನದ್ದು. ಆಸ್ಪತ್ರೆಯಲ್ಲಿ ಸರಿ, ಅಲ್ಲಿ ಪ್ರಶ್ನೆಯೇ ಬದಲಾಗಿದೆ. ನಾನು ಕಾಲೇಜಿನಲ್ಲಿದ್ದಾಗ ಪಕ್ಕದ ಮನೆಯವರು ಊಟ ಆತಾ ಎಂದರೆ? ಹೊಟ್ಟೆ ಖಾಲಿ ಇಟ್ಟುಕೊಂಡು ಆತು ಎಂದುಬಿಟ್ಟರೆ?

ಡ್ರೆಸ್ಸಿಂಗಿಗೆ ಸಾಗರಕ್ಕೆ ಹೋದಾಗೆಲ್ಲ ಸಿಸ್ಟರ್ ನನ್ನ ಕಣ್ಣಿನ ಕೆಳಗಿನ ಕಪ್ಪು ನೋಡಿ, ಚೇಚಿ, ನೀವು ಮಲಗ್ತಾ ಇಲ್ಲ ಎನ್ನುವಳು. ತನಗೂ ಬಹಳ ದಿನ ನಿದ್ದೆ ಬಂದಿರಲಿಲ್ಲ, ಆ ಪೊಟ್ಟಣ ಬೀಳುವುದೇ ಕಾಣುತ್ತಿತ್ತು ಎಂದು ಒಮ್ಮೆ ಹೇಳಿದಳು. ಅದನ್ನು ಕೇಳಿ, ನಾನೊಬ್ಬಳೇ ಅಲ್ಲವಲ್ಲ ಎಂದು ಸ್ವಲ್ಪ ಹಗುರವಾಯಿತು.

ಗಾಯ ಮಾಗಿ ಚಪ್ಪಲಿ ಹಾಕುವಂತಾದ ಮೇಲೆ ಅತ್ತೆ ತವರಿಗೆ ಹೋಗಬೇಕು ಎಂದರು. ತೀರ್ಥಹಳ್ಳಿಯಿಂದ ಒಳಗೆ, ಅವರು ಹುಟ್ಟಿದ ಮನೆ. ಈಗ ಅಲ್ಲಿರುವುದು ಅವರ ಅತ್ತಿಗೆ. ಆಟೋದಿಂದ ಇಳಿಯುವಾಗ ಮಧ್ಯಾಹ್ನ ಮೀರಿತ್ತು. ಬಸ್ಸು ಸಿಗದೆ ದಾರಿಯಲ್ಲಿ ಬರೀ ಬಿಸ್ಕತ್ತು ತಿಂದಿದ್ದೆವು. ಅತ್ತಿಗೆ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದವರು, ಸೆರಗಿಗೆ ಕೈ ಒರೆಸಿಕೊಂಡು ಬಂದರು. ಅವರಿಗೂ ವಯಸ್ಸಾಗಿದೆ. ಬಂದ್ರಾ ಎಂದರು, ಕಾಲು ಹ್ಯಾಂಗಿದೆ ಎಂದರು. ಆಮೇಲೆ, ನಾನು ಬರುತ್ತದೆ ಎಂದು ಕಾಯುತ್ತಿದ್ದ ಆ ಮಾತನ್ನು ಕೇಳಿದರು.

“ಊಟ ಆತಾ?”

ಅತ್ತೆಯ ಬಾಯಲ್ಲಿ ಆ ಅಕ್ಷರ ಮೂಡಿದ್ದು ಕಂಡಿತು. ಅವರು ಬಾಯಿ ಮುಚ್ಚಿದರು. ಒಮ್ಮೆ ನನ್ನನ್ನು ನೋಡಿದರು.

“ಇಲ್ಲ ಅತ್ತಿಗೆ. ಆಗ್ಲಿಲ್ಲ. ಹಸಿವಾಗಿದೆ, ಇದ್ದದ್ದು ಬಡಿಸು.”

ಅತ್ತಿಗೆ ಒಂದು ಗಳಿಗೆ ಬೆಪ್ಪಾಗಿ ನೋಡಿ, ಆಮೇಲೆ ನಕ್ಕರು. ಆಸ್ಪತ್ರೆಗೆ ಹೋಗಿ ನಾಚಿಕೆ ಬಿಟ್ಟು ಬಂದೆಯಾ ಎಂದು ಛೇಡಿಸಿದರು. “ಕಾಲು ಉಳ್ಸ್ಕೊಂಡು ಬಂದೆ,” ಎಂದರು ಅತ್ತೆ. ಅವರ ಮುಖ ಕೆಂಪಾಗಿತ್ತು. ಆ ಒಂದು ಇಲ್ಲ ಹೇಳಲು ಅವರಿಗೆ ಎಷ್ಟು ಕಷ್ಟವಾಯಿತು ಎಂದು ನನಗೆ ಗೊತ್ತು. ಅವರ ಅಪ್ಪ ಆತು ಅನ್ನಲು ಕಲಿಸಿದ್ದು ಅದೇ ಅಂಗಳದಲ್ಲಿ.

ಅನ್ನ, ಕಳಲೆ ಸಾರು, ಮೇಲೆ ಮಜ್ಜಿಗೆ. ಅತ್ತೆ ತಿಂದರು, ತಟ್ಟೆಯನ್ನು ನನ್ನ ಕಡೆ ವಾಲಿಸಿ ತೋರಿಸಿದರು. ರಾತ್ರಿಯೂ ಹಾಗೆಯೇ ತೋರಿಸಿದರು. ನಾನು ಸೂಜಿ ಚುಚ್ಚಿದೆ. ನನ್ನ ಕೈ ಬೆಚ್ಚಗೇ ಇತ್ತು.

ನಮ್ಮಿಬ್ಬರಿಗೂ ಒಂದೇ ಕೋಣೆಯಲ್ಲಿ ಹಾಸಿದ್ದರು. ಮಲಗಿದ್ದು ನೆನಪಿದೆ, ಆಮೇಲಿನದು ಇಲ್ಲ. ಎಚ್ಚರವಾದಾಗ ಬಿಸಿಲು ಹಾಸಿಗೆಯ ಮೇಲೆ ಬಂದಿತ್ತು, ಪಕ್ಕದ ಹಾಸಿಗೆ ಮಡಚಿಟ್ಟಿತ್ತು. ಗಾಬರಿಯಾಗಿ ಎದ್ದು ಅಡುಗೆಮನೆಗೆ ಹೋದೆ. ಅತ್ತೆ ಅತ್ತಿಗೆಯ ಎದುರು ಕಾಲು ಚಾಚಿ ಕೂತು ಯಾರದೋ ಮದುವೆಯ ಕಥೆ ಹೇಳುತ್ತಿದ್ದರು. ರಾತ್ರಿ ಒಂದು ಸಲವೂ ನೀ ಬಂದು ಹಣೆ ಮುಟ್ಟಲಿಲ್ಲ, ನಾನೂ ಎಚ್ಚರಾಗಲಿಲ್ಲ ಎಂದರು. ಗೋಡೆಯ ಗಡಿಯಾರ ಎಂಟು ದಾಟಿತ್ತು.

“ತಿಂಡಿ ಆಯ್ತಾ ಅತ್ತೆ?” ಎಂದೆ, ನಿದ್ದೆಗಣ್ಣಿನಲ್ಲಿ.

“ಎಂತ ತಿಂದ್ರಿ ಅಂತ ಕೇಳು,” ಎಂದರು ಅತ್ತೆ. “ಇನ್ನೂ ಏನೂ ತಿಂದಿಲ್ಲ. ನೀ ಏಳ್ಲಿ ಅಂತ ಕಾಯ್ತಿದ್ದೆ.”